ಓಬಕ್ಕನ ಪರವಾಗಿ

ನಮ್ಮೂರಿನಲ್ಲಿ ಯಾರೂ ತಮಗಾಗಿ ಏನನ್ನೂ ಕೇಳಲಾರರು. ಕೇಳಬಾರದೆಂಬ ಕಟ್ಟಳೆಯಲ್ಲ, ಕೇಳಲು ಆಗುವುದೇ ಇಲ್ಲ. ಬಾಯಿ ತೆರೆಯುತ್ತದೆ, ನಾಲಿಗೆ ಆಡುತ್ತದೆ, ಸದ್ದು ಮಾತ್ರ ಹೊರಡುವುದಿಲ್ಲ. ಪಕ್ಕದವರಿಗಾಗಿ ಕೇಳಿದರೆ ಸಲೀಸಾಗಿ ಬರುತ್ತದೆ. ಹುಟ್ಟಿದಾಗಿನಿಂದ ಹೀಗೇ ಇರುವುದರಿಂದ ನಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಮನೆಗಳಲ್ಲಿ ತಂಗಿಗೆ ಹಸಿವಾದರೆ ಅಕ್ಕ ಕೇಳುತ್ತಾಳೆ, ಅಕ್ಕನಿಗೆ ಹೊಸ ಲಂಗ ಬೇಕಾದರೆ ತಂಗಿ ಕೇಳುತ್ತಾಳೆ. ಇಬ್ಬರೂ ಮುನಿಸಿಕೊಂಡ ದಿನ ಇಬ್ಬರಿಗೂ ಏನೂ ಸಿಗುವುದಿಲ್ಲ. ದುಡ್ಡು ಕೊಟ್ಟು ಕೊಳ್ಳುವುದಕ್ಕೆ ತೊಂದರೆಯಿಲ್ಲ, ಅದು ವ್ಯಾಪಾರ. ಆದರೆ ಖಾನಾವಳಿಯಲ್ಲಿ ಇನ್ನೊಂದು ಸೌಟು ಸಾರು ಬೇಕೆಂದರೆ ಎದುರಿಗೆ ಕೂತವರು ನಿಮ್ಮ ತಟ್ಟೆ ನೋಡಿ ಹೇಳಬೇಕು. ಪುರಸಭೆಯಲ್ಲಿ ಅರ್ಜಿ ಹಿಡಿದು ಬಂದವನೇ ಬೇರೆ, ಅರ್ಜಿದಾರನೇ ಬೇರೆ. ಕೆಲವರು ಜಾಣತನ ಮಾಡುತ್ತಾರೆ. ಇವತ್ತು ಏನು ಬಿಸಿಲಪ್ಪಾ ಎಂದು ನೀರಿನ ಕೊಡದ ಕಡೆ ಕಣ್ಣು ಹಾಯಿಸುತ್ತಾರೆ. ಆ ಮಾತೂ ಗಂಟಲಲ್ಲೇ ಉಳಿದುಬಿಡುತ್ತದೆ. ಯಾರಿಗೆ ಬೇಕಾದರೂ ಟೋಪಿ ಹಾಕಬಹುದು, ನಮ್ಮೂರಿನವರ ಗಂಟಲಿಗೆ ಮಾತ್ರ ಹಾಕಲಾಗುವುದಿಲ್ಲ.

ನನ್ನ ಹೆಸರು ಪಾಲಾಕ್ಷಯ್ಯ. ಪುರಸಭೆಯ ಕಾವಲುಗಾರ. ಇಪ್ಪತ್ತಾರು ವರ್ಷದಿಂದ ಬಸ್ ನಿಲ್ದಾಣವೇ ನನ್ನ ಜಾಗ. ಉಗುಳುವವರನ್ನು ಗದರುವುದು, ಹಳದಿ ಗೆರೆ ದಾಟಿ ಬುಟ್ಟಿ ಇಡುವವರನ್ನು ಹಿಂದೆ ಸರಿಸುವುದು, ಭಿಕ್ಷುಕರ ಮೇಲೆ ಕಣ್ಣಿಡುವುದು ನನ್ನ ಕೆಲಸ. ಇದೆಲ್ಲ ಊರಿನ ಪರವಾಗಿ ಆಡುವ ಮಾತಾದ್ದರಿಂದ ನನ್ನ ಗದರಿಕೆಗೆ ಯಾವತ್ತೂ ಸದ್ದಿನ ಕೊರತೆಯಾಗಿಲ್ಲ. ಸ್ವಲ್ಪ ಹೆಚ್ಚೇ ಇತ್ತು ಎಂದು ಹೇಳುವವರಿದ್ದಾರೆ.

ಊರು ಹೀಗಿರುವಾಗ ಇಲ್ಲಿನ ಭಿಕ್ಷುಕರು ಜೋಡಿಯಾಗಿಯೇ ಇರಬೇಕು. ಇವನಿಗಾಗಿ ಅವನು ಕೂಗುತ್ತಾನೆ, ಅವನಿಗಾಗಿ ಇವನು. ಮಾರ್ಕೆಟ್ಟಿನ ಬಾಗಿಲಲ್ಲಿ ಒಂದು ಜೋಡಿ, ಟಾಕೀಸಿನ ಎದುರು ಒಂದು ಜೋಡಿ, ನಮ್ಮ ನಿಲ್ದಾಣದ ಮೆಟ್ಟಿಲ ಮೇಲೆ ಓಬಕ್ಕ ಮತ್ತು ದುಗ್ಗಮ್ಮ. ಬೇರೆಯವರಿಗಾಗಿ ಕೇಳುವುದೇನು ಮಹಾ ಕಷ್ಟ ಎಂದು ಹೊರಗಿನವರಿಗೆ ಅನ್ನಿಸಬಹುದು. ಊಟದ ಪಂಕ್ತಿಯಲ್ಲಿ ಸಾರು ಕೇಳುವುದಾದರೆ ಕಷ್ಟವಿಲ್ಲ. ಆದರೆ ಬೀದಿಯಲ್ಲಿ ನಿಂತು ಒಬ್ಬರ ಹೆಸರು ಹಿಡಿದು ಬೇಡಿದಿರೆಂದರೆ ಅವರು ನಿಮ್ಮ ಕಡೆಯವರಾದರು. ಅವರ ಜ್ವರಕ್ಕೂ ನೀವೇ, ಜಗಳಕ್ಕೂ ನೀವೇ, ಕೊನೆಗೆ ಹಿಡಿ ಮಣ್ಣು ಹಾಕುವುದಕ್ಕೂ ನೀವೇ. ಹಾಗಾಗಿ ಜನ ಹಿಂದೆಮುಂದೆ ನೋಡಿ ಬಾಯಿ ಬಿಡುತ್ತಾರೆ. ಯಾರೂ ಕೇಳದೆ ಕೊಡುವ ಪದ್ಧತಿಯಂತೂ ನಮ್ಮಲ್ಲಿಲ್ಲ. ಅದು ನಾಯಿಗೆ ಎಸೆದ ಹಾಗೆ ಎಂದು ಕೊಡುವವರೂ ತಿಳಿದಿದ್ದಾರೆ, ತೆಗೆದುಕೊಳ್ಳುವವರೂ ತಿಳಿದಿದ್ದಾರೆ.

ಜೋಡಿಯಿಲ್ಲದವರೂ ಇರುತ್ತಾರೆ. ಅವರು ಸುಮ್ಮನೆ ಕೈ ಚಾಚಿ ಕೂರುತ್ತಾರೆ. ಅದಕ್ಕೆ ನಾವು ಮೂಕಗೈ ಎನ್ನುತ್ತೇವೆ. ಮೂಕಗೈ ಕಂಡರೆ ಊರಿಗೆ ಆಗುವುದಿಲ್ಲ. ಇಷ್ಟು ದೊಡ್ಡ ಊರಿನಲ್ಲಿ ಒಬ್ಬರೂ ಪರವಾಗಿ ಬಾಯಿ ಬಿಡದ ಮನುಷ್ಯ ಎಂಥವನಿರಬೇಕು ಎಂದು ಜನ ಯೋಚಿಸುತ್ತಾರೆ. ನಾನೂ ಹಾಗೇ ಯೋಚಿಸುತ್ತಿದ್ದೆ. ಪುರಸಭೆಯ ನಿಯಮದಂತೆ ಸಾರ್ವಜನಿಕ ಸ್ಥಳದಲ್ಲಿ ಮೂಕಗೈ ಕಂಡರೆ ಎರಡು ದಿನ ಎಚ್ಚರಿಕೆ, ಮೂರನೆಯ ದಿನ ಗಡಿಕಲ್ಲಿನಾಚೆ ಬಿಟ್ಟು ಬರಬೇಕು. ಗಡಿಕಲ್ಲು ದಾಟಿದರೆ ಯಾರಿಗಾದರೂ ಸದ್ದು ಬರುತ್ತದೆ, ಬೇಕಾದ್ದನ್ನು ಬೇಕಾದಷ್ಟು ಕೇಳಿಕೊಳ್ಳಲಿ ಎಂಬುದು ನಿಯಮದ ಹಿಂದಿನ ದಯೆ. ಅಲ್ಲಿ ಜಾಲಿಗಿಡ ಮತ್ತು ಕಲ್ಲುಗಣಿಯ ಧೂಳು ಬಿಟ್ಟರೆ ಕೇಳಿಸಿಕೊಳ್ಳುವವರೇ ಇಲ್ಲ ಎಂಬುದನ್ನು ನಿಯಮ ಬರೆದವರು ಗಮನಿಸಿರಲಿಕ್ಕಿಲ್ಲ. ನಾನು ಗಮನಿಸಿದ್ದೆ. ಆದರೂ ಕಸದ ಟ್ರ್ಯಾಕ್ಟರಿನಲ್ಲಿ ಪಕ್ಕ ಕೂತು ಹನ್ನೊಂದು ಜನರನ್ನು ದಾಟಿಸಿ ಬಂದಿದ್ದೆ.

ಓಬಕ್ಕನಿಗೂ ದುಗ್ಗಮ್ಮನಿಗೂ ಒಂದು ದಿನವೂ ಹೊಂದಿಕೆಯಾದದ್ದನ್ನು ನಾನು ಕಾಣೆ. ಓಬಕ್ಕನದು ಕಂಚಿನ ಕಂಠ. ಅವಳು "ನಮ್ ದುಗ್ಗಮ್ಮಂಗೆ ಒಂದ್ ತುತ್ತು ಹಾಕ್ರಪ್ಪೋ" ಎಂದರೆ ಹೊರಟ ಬಸ್ಸಿನ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುವವರು ಎದ್ದು ಚೀಲ ಬಿಚ್ಚುತ್ತಿದ್ದರು. ದುಗ್ಗಮ್ಮನದು ಬಾಯೊಳಗೇ ಗುನುಗುವ ದನಿ. ಓಬಕ್ಕನ ಹೆಸರು ಹೇಳಿದಳೋ ಇಲ್ಲವೋ ಎಂದು ಪಕ್ಕದಲ್ಲಿದ್ದವರಿಗೂ ಅನುಮಾನ. ಹೀಗಾಗಿ ದುಗ್ಗಮ್ಮ ಗುಂಡುಗುಂಡಗಾದಳು, ಓಬಕ್ಕ ಕಡ್ಡಿಯಾದಳು. ನಿನ್ನ ಗಂಟಲು ನಂಬಿಕೊಂಡು ನನ್ನ ಹೊಟ್ಟೆ ಹಾಳಾಯಿತು ಎಂದು ಓಬಕ್ಕ ದಿನಕ್ಕೆ ಹತ್ತು ಸಲ ಬೈಯುತ್ತಿದ್ದಳು. ಮಧ್ಯಾಹ್ನ ಇಬ್ಬರೂ ಬೆನ್ನು ತಿರುಗಿಸಿ ಕೂತಾಗ ದುಗ್ಗಮ್ಮ ತನ್ನ ತಟ್ಟೆಯ ಅರ್ಧವನ್ನು ಹಿಂದಕ್ಕೆ ಕೈ ಚಾಚಿ ಓಬಕ್ಕನ ತಟ್ಟೆಗೆ ಸುರಿಯುತ್ತಿದ್ದಳು. ಓಬಕ್ಕ ಬೈಯುತ್ತಲೇ ಉಣ್ಣುತ್ತಿದ್ದಳು. ಅದು ಅವರ ಪದ್ಧತಿ, ನನಗೆ ಸಂಬಂಧಿಸಿದ್ದಲ್ಲ. ಹಳದಿ ಗೆರೆ ದಾಟದಿದ್ದರೆ ಸಾಕು.

ಹೋದ ಚಳಿಗಾಲದಲ್ಲಿ ದುಗ್ಗಮ್ಮ ಕೆಮ್ಮು ಹಿಡಿದು ಮಲಗಿದಳು. ಹಳೆಯ ದನದ ಆಸ್ಪತ್ರೆಯ ಹಿಂದೆ ಅವರದೊಂದು ಚಪ್ಪರವಿತ್ತು. ಓಬಕ್ಕ ಒಬ್ಬಳೇ ಬಂದು ಮೆಟ್ಟಿಲ ಮೇಲೆ ಕೂತು ಕೂಗಿ, ಸಿಕ್ಕಿದ್ದನ್ನು ಕಟ್ಟಿಕೊಂಡು ಹೋಗಿ ಅವಳಿಗೆ ಉಣಿಸುತ್ತಿದ್ದಳು. ನಾಲ್ಕು ದಿನ ಹೀಗೆ ನಡೆಯಿತು. ಐದನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ, ನಿಲ್ದಾಣ ಕಿಕ್ಕಿರಿದಿದ್ದಾಗ, ಅವಳು ನಮ್ ದುಗ್ಗಮ್ಮಂಗೆ ಒಂದ್ ತುತ್ತು ಎಂದವಳು ಅಲ್ಲಿಗೇ ನಿಂತಳು. ಬಾಯಿ ಆಡುತ್ತಿತ್ತು, ಕೈ ಎಂದಿನಂತೆ ಬೀಸುತ್ತಿತ್ತು, ಸದ್ದಿಲ್ಲ. ಅವಳಿಗೆ ತಿಳಿಯಲಿಲ್ಲ. ಕೆಮ್ಮಿ ಗಂಟಲು ಸರಿಮಾಡಿಕೊಂಡಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಮತ್ತೆ ಕೂಗಿದಳು. ಮತ್ತೆ ಏನೂ ಇಲ್ಲ.

ನಮಗೆಲ್ಲ ತಿಳಿದುಹೋಗಿತ್ತು. ಟೀ ಅಂಗಡಿಯ ಹಯಾತ್ ಲೋಟ ತೊಳೆಯುತ್ತಿದ್ದವನು ನಲ್ಲಿ ನಿಲ್ಲಿಸಿದ. ಬಸ್ಸಿನೊಳಗಿದ್ದ ಹೆಂಗಸರು ಕಿಟಕಿಯಿಂದ ನೋಡಿ ಸೆರಗು ಬಾಯಿಗೆ ಒತ್ತಿಕೊಂಡರು. ದುಗ್ಗಮ್ಮನಿಗಾಗಿ ಕೇಳುವ ಮಾತು ದುಗ್ಗಮ್ಮನಿಗೆ ತಲುಪುವಂತಿಲ್ಲ ಎಂದಾದರೆ, ಇನ್ನು ಅದು ಓಬಕ್ಕನ ಸ್ವಂತ ಹೊಟ್ಟೆಯ ಮಾತು. ಅದಕ್ಕೇ ಗಂಟಲು ಕಟ್ಟಿತ್ತು. ಅವಳು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು. ಕೊನೆಗೆ ನನ್ನ ಮುಖ ನೋಡಿ, ತಟ್ಟೆಯನ್ನು ಅಲ್ಲೇ ಬಿಟ್ಟು, ದನದ ಆಸ್ಪತ್ರೆಯ ಕಡೆಗೆ ಓಡಿದಳು. ಅವಳು ಓಡಬಲ್ಲಳೆಂದು ನನಗೆ ಗೊತ್ತಿರಲಿಲ್ಲ.

ಮಣ್ಣು ಮಾಡುವ ಕೆಲಸ ಪುರಸಭೆಯಿಂದಲೇ ಆಯಿತು. ಹಿಡಿ ಮಣ್ಣು ಹಾಕಿದವಳು ಓಬಕ್ಕ ಒಬ್ಬಳೇ. ಮಾರನೆಯ ದಿನ ಅವಳು ಮೆಟ್ಟಿಲ ಮೇಲೆ ತನ್ನ ಜಾಗಕ್ಕೆ ಬಂದು ಕೂತಳು. ದುಗ್ಗಮ್ಮನ ಹರಕು ಶಾಲು ಹೊದ್ದಿದ್ದಳು. ತಟ್ಟೆ ಪಕ್ಕಕ್ಕಿಟ್ಟು ಬಲಗೈ ಚಾಚಿದಳು.

ನಾನು ಹೋಗಿ ಮೊದಲನೆಯ ಎಚ್ಚರಿಕೆ ಹೇಳಿದೆ. ಓಬಕ್ಕನಿಗೆ ನಿಯಮ ನನಗಿಂತ ಚೆನ್ನಾಗಿ ಗೊತ್ತು, ನಾನು ಹನ್ನೊಂದು ಜನರಿಗೆ ಅದನ್ನು ಓದಿ ಹೇಳಿದಾಗಲೂ ಅವಳು ಪಕ್ಕದಲ್ಲೇ ಕೂತು ಕೇಳಿದ್ದಳು. ಆಯ್ತು ಕಣಪ್ಪ ಎಂದಳು. ಕೈ ಇಳಿಸಲಿಲ್ಲ. ಅವತ್ತು ಸಂಜೆ ಕೆಲಸ ಮುಗಿಸಿ, ಯಾರಿಗೂ ಹೇಳದೆ, ಮಾರ್ಕೆಟ್ಟಿನ ಜೋಡಿಯ ಬಳಿಗೂ ಟಾಕೀಸಿನ ಜೋಡಿಯ ಬಳಿಗೂ ಹೋಗಿ, ಓಬಕ್ಕನನ್ನು ಜೊತೆಗೆ ಸೇರಿಸಿಕೊಳ್ಳಲು ಆಗುತ್ತದೆಯೇ ಎಂದು ವಿಚಾರಿಸಿದೆ. ಇಬ್ಬರ ಪಾಲಿನದು ಮೂವರಿಗೆ ಹಂಚಿಹೋದರೆ ಮೂವರೂ ಅರೆಹೊಟ್ಟೆ ಎಂದು ಮಾರ್ಕೆಟ್ಟಿನವರು ಹೇಳಿದರು. ಟಾಕೀಸಿನವರು ಅವಳ ಬಾಯಿ ಕೆಟ್ಟದ್ದು ಎಂದರು. ಅದೂ ನಿಜವೇ. ನನ್ನ ಕೆಲಸ ಅಲ್ಲದ್ದನ್ನು ಯಾಕೆ ಮೈಮೇಲೆ ಎಳೆದುಕೊಳ್ಳುತ್ತಿದ್ದೇನೆ ಎಂದು ನನಗೆ ನನ್ನ ಮೇಲೇ ಸಿಟ್ಟು ಬಂತು.

ಎರಡನೆಯ ದಿನ ಹಯಾತ್‌ಗೆ ತಡೆಯಲಾಗಲಿಲ್ಲ. ಒಂದು ಬನ್ನು ತಂದು ಅವಳ ಪಕ್ಕ ಇಟ್ಟು, ಬೇರೆ ಎಲ್ಲೋ ನೋಡುತ್ತ ಹೊರಟ.

"ಯಾರ್ ಕೇಳಿದ್ರು?" ಎಂದಳು ಓಬಕ್ಕ.

ಹಯಾತ್ ನಿಂತ. ಮನೆಯಲ್ಲಿ ಹಾಸಿಗೆ ಹಿಡಿದ ತಂದೆ, ಮೂರು ಜನ ತಂಗಿಯರು, ಅಷ್ಟು ಜನರ ಪರವಾಗಿ ಬಾಯಿ ಬಿಡುವುದರಲ್ಲೇ ಅವನ ದಿನ ಮುಗಿಯುತ್ತದೆ. ಇನ್ನೊಬ್ಬರನ್ನು ತನ್ನ ಕಡೆಯವರನ್ನಾಗಿ ಮಾಡಿಕೊಳ್ಳುವ ಧೈರ್ಯ ಅವನಿಗಿಲ್ಲ. ಅವಳು ಬನ್ನನ್ನು ಮುಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದಕ್ಕೆ ಇರುವೆ ಮುತ್ತಿತು. ನಾನು ಎರಡನೆಯ ಎಚ್ಚರಿಕೆ ಹೇಳುವಾಗ ಇರುವೆಗಳನ್ನೇ ನೋಡುತ್ತ ಹೇಳಿದೆ.

ಆಮೇಲೆ ನನಗೊಂದು ಉಪಾಯ ಹೊಳೆಯಿತು. ನಾಳೆ ನಾನು ರಜೆ ಹಾಕಿದರೆ, ಟ್ರ್ಯಾಕ್ಟರಿನ ಜೊತೆ ಬೇರೆ ಕಾವಲುಗಾರ ಹೋಗುತ್ತಾನೆ. ಓಬಕ್ಕ ಗಡಿಕಲ್ಲು ದಾಟುವುದನ್ನು ನಾನು ನೋಡಬೇಕಾಗಿಲ್ಲ. ಹೇಡಿತನ ಎನ್ನಿ, ನನಗೂ ಹಾಗೇ ಅನ್ನಿಸಿತು, ಆದರೂ ನೇರ ಪುರಸಭೆಗೆ ನಡೆದೆ. ಮೇಲಧಿಕಾರಿ ವಾಮದೇವಪ್ಪನವರು ಕಡತ ನೋಡುತ್ತಿದ್ದರು. ಅವರೆದುರು ನಿಂತು ನಮಸ್ಕಾರ ಮಾಡಿ ಬಾಯಿ ತೆರೆದೆ.

ಸದ್ದು ಬರಲಿಲ್ಲ. ಬರುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಮರೆತಿದ್ದೆ. ನನ್ನ ಹೆಂಡತಿ ಪುಟ್ಟಗೌರಿ ಬದುಕಿದ್ದಾಗ ಅವಳೇ ಆಫೀಸಿಗೆ ಬಂದು ನನಗಾಗಿ ರಜೆ ಕೇಳುತ್ತಿದ್ದಳು. ಅವಳು ಹೋಗಿ ಒಂಬತ್ತು ವರ್ಷ. ಮಕ್ಕಳಿಲ್ಲ. ಈ ಒಂಬತ್ತು ವರ್ಷದಲ್ಲಿ ನಾನು ಒಂದು ದಿನವೂ ರಜೆ ಹಾಕಿಲ್ಲ. ಅದಕ್ಕೆ ನಿಷ್ಠಾವಂತ ನೌಕರ ಎಂದು ಶಾಲು ಹೊದಿಸಿ ಸನ್ಮಾನ ಮಾಡಿದ್ದರು, ನಾನೂ ನಿಷ್ಠೆಯಿಂದಲೇ ಹೀಗಿದ್ದೇನೆ ಎಂದು ನಂಬಿಕೊಂಡಿದ್ದೆ. ಜ್ವರ ಬಂದಾಗಲೂ ಬಂದು ಮೂಲೆಯಲ್ಲಿ ಕೂತು ಹೋಗಿದ್ದೆ. ವಾಮದೇವಪ್ಪನವರು ನನ್ನ ಬಾಯಿ ಆಡುವುದನ್ನು ನೋಡಿದರು. ಅವರು ಕೆಟ್ಟ ಮನುಷ್ಯರಲ್ಲ.

"ನಿಮ್ ಕಡೆಯಿಂದ ಹೇಳೋರು ಯಾರಾದ್ರೂ ಇದ್ರೆ ಕರ್ಕೊಂಡ್ ಬನ್ನಿ ಪಾಲಾಕ್ಷಯ್ಯ," ಎಂದು ಮೆತ್ತಗೆ ಹೇಳಿದರು.

ಸುತ್ತಲೂ ಆರು ಮೇಜುಗಳಿದ್ದವು, ಆರು ಜನರಿದ್ದರು. ಎಲ್ಲರೂ ನನ್ನನ್ನು ವರ್ಷಗಟ್ಟಲೆ ಬಲ್ಲವರು. ಎಲ್ಲರಿಗೂ ಆ ಕ್ಷಣಕ್ಕೆ ಬರೆಯುವ ಕೆಲಸ ಬಂತು. ಅವರನ್ನು ದೂರಲಾರೆ. ನಾನೂ ಅವರಲ್ಲಿ ಒಬ್ಬರಿಗಾಗಿಯಾದರೂ ಒಂದು ದಿನ ಬಾಯಿ ಬಿಟ್ಟವನಲ್ಲ, ಬೇರೆಯವರ ಉಸಾಬರಿ ನಮಗೇಕೆ ಎಂದು ಇದ್ದವನು. ಎಲ್ಲರ ತಲೆಯಲ್ಲಿ ಏನು ಓಡುತ್ತಿದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಒಬ್ಬರೂ ಪರವಾಗಿ ಮಾತಾಡದ ಮನುಷ್ಯ ಎಂಥವನಿರಬೇಕು ಎಂದು ನಾನೇ ಹನ್ನೊಂದು ಸಲ ಅಂದುಕೊಂಡಿದ್ದೆನಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಹಾಗೇ ಹೊರಗೆ ಬಂದೆ. ಆ ದಿನ ಊಟ ಸೇರಲಿಲ್ಲ.

ಮೂರನೆಯ ದಿನ ಹನ್ನೊಂದು ಗಂಟೆಗೆ ಟ್ರ್ಯಾಕ್ಟರು ಬಂತು. ಡ್ರೈವರ್ ಇಳಿದು ಕಾಗದ ಬಿಚ್ಚಿದ. ದಾಟಿಸುವವರ ಹೆಸರು, ಅವರಿಗೆ ಯಾರೂ ಇಲ್ಲ ಎಂಬುದಕ್ಕೆ ನನ್ನ ಸಹಿ, ಇಷ್ಟೇ ಅದರಲ್ಲಿ ಇರುವುದು. ಓಬಕ್ಕ ತಟ್ಟೆ ಎತ್ತಿಕೊಂಡು ಏಳಲು ನೋಡಿದಳು. ಎರಡು ದಿನ ಉಪವಾಸವಿದ್ದ ಮೈ, ಮೊದಲನೆಯ ಸಲಕ್ಕೆ ಏಳಲಾಗಲಿಲ್ಲ. ಜನ ಎಂದಿನಂತೆ ಸುತ್ತ ನಿಂತು ನೋಡುತ್ತಿದ್ದರು. ನಾನು ಕಾಗದವನ್ನು ಮಡಚಿ ಡ್ರೈವರ್ ಕೈಗೆ ವಾಪಸು ಕೊಟ್ಟು, ಜನರ ಕಡೆ ತಿರುಗಿ, ಓಬಕ್ಕನಿಗಾಗಿ ಕೇಳಲು ಬಾಯಿ ತೆರೆದೆ.

ಏನೂ ಬರಲಿಲ್ಲ. ಮತ್ತೆ ಪ್ರಯತ್ನಿಸಿದೆ, ಮತ್ತೆ ಬರಲಿಲ್ಲ. ಜನ ಪರಸ್ಪರ ಮುಖ ನೋಡಿಕೊಂಡರು. ಬದುಕಿರುವ ಇನ್ನೊಬ್ಬರಿಗಾಗಿ ಕೇಳುವಾಗ ಗಂಟಲು ಕಟ್ಟಿದ್ದನ್ನು ನಾನು ಕೇಳಿಯೂ ಇರಲಿಲ್ಲ. ಮೆಟ್ಟಿಲ ಮೇಲಿಂದ ಓಬಕ್ಕ ನನ್ನನ್ನೇ ನೋಡುತ್ತಿದ್ದಳು, ಅಡುಗೆ ಬಾರದವರನ್ನು ಅಡುಗೆ ಬರುವವರು ನೋಡುವ ಹಾಗೆ.

"ನಿನ್ ಸಂಕಟ ಕಳ್ಕಳಾಕೆ ಕೇಳ್ತಿದೀಯ ಕಣಪ್ಪ. ಅದು ನಿಂಗೆ ಕೇಳ್ದಂಗೆ. ಅದಕ್ಕೇ ಬತ್ತಿಲ್ಲ."

ಹಾಗಾದರೆ ಏನು ಮಾಡಬೇಕು ಎಂದೆ. ಆ ಮಾತಿಗೆ ಸದ್ದು ಬಂತು. ಅವಳಿಗೂ ಬಂತು, ಅವಳು ಅನ್ನ ಕೇಳುತ್ತಿರಲಿಲ್ಲ, ನನಗೆ ಕೇಳುವುದನ್ನು ಕಲಿಸುತ್ತಿದ್ದಳು.

"ಜನಾನ ಯಾಕ್ ನೋಡ್ತೀಯ? ನನ್ ನೋಡು. ನಂಗೇನ್ ಬೇಕು ಅಂತ ನೋಡು. ಆಮ್ಯಾಕೆ ಕೇಳು."

ನೋಡಿದೆ. ಇಪ್ಪತ್ತಾರು ವರ್ಷ ನಾನು ಅವಳನ್ನು ದಿನವೂ ನೋಡಿದ್ದೆ, ಗೆರೆಯ ಈಚೆಗಿದ್ದಾಳೋ ಆಚೆಗಿದ್ದಾಳೋ ಎಂದು. ಅವಳ ಎಡಗಣ್ಣಿನ ರೆಪ್ಪೆ ಅರ್ಧ ಮುಚ್ಚಿಕೊಂಡೇ ಇರುತ್ತದೆ ಎಂಬುದನ್ನು ನೋಡಿರಲಿಲ್ಲ. ತುಟಿ ಒಡೆದು ರಕ್ತ ಒಣಗಿತ್ತು. ಚಾಚಿ ಚಾಚಿ ಸೋತ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದಳು. ಗಂಟಲ ಬಳಿ ಚರ್ಮ ಒಳಕ್ಕೆ ಹೋಗಿ ಬರುತ್ತಿತ್ತು. ಅವಳಿಗೆ ಹಸಿವಾಗಿತ್ತು. ಅದಕ್ಕೂ ನನ್ನ ನಾಚಿಕೆಗೂ, ಟ್ರ್ಯಾಕ್ಟರಿಗೂ, ಪುರಸಭೆಗೂ ಏನೂ ಸಂಬಂಧವಿರಲಿಲ್ಲ. ಅವಳಿಗೆ ಹಸಿವು, ಅನ್ನ ಬೇಕು.

"ಓಬಕ್ಕಂಗೆ ಹಸಿವಾಗೈತೆ, ಊಟ ಹಾಕ್ರಪ್ಪಾ," ಎಂದೆ.

ನನ್ನ ದನಿ ನಿಲ್ದಾಣದ ತಗಡಿನ ಸೂರಿಗೆ ಬಡಿದು ವಾಪಸು ಬಂತು. ಇಷ್ಟು ವರ್ಷ ಗದರಿ ಗದರಿ ಬೆಳೆದ ಗಂಟಲು, ಒಂದು ಒಳ್ಳೆಯ ಕೆಲಸಕ್ಕೆ ಬಂತು. ಮೊದಲು ಬಂದವನು ಹಯಾತ್, ಎರಡು ಬನ್ನು ಮತ್ತು ಟೀ ಹಿಡಿದು. ಆಮೇಲೆ ಬಸ್ಸಿನಿಂದ ಒಬ್ಬ ಹೆಂಗಸು ಇಳಿದು ಬುತ್ತಿ ಬಿಚ್ಚಿ ಎರಡು ರೊಟ್ಟಿಯ ಮೇಲೆ ಬದನೆಕಾಯಿ ಪಲ್ಯ ಹಾಕಿ ಕೊಟ್ಟಳು. ಬಾಳೆಹಣ್ಣಿನವನು ಒಂದು ಚಿಪ್ಪು ತಂದಿಟ್ಟ. ಮೂರು ದಿನದಿಂದ ಇವರೆಲ್ಲರ ಕೈಯೂ ತಯಾರಾಗಿಯೇ ಇತ್ತು, ಯಾರಾದರೂ ಒಬ್ಬರು ಬಾಯಿ ಬಿಡಲಿ ಎಂದು ಕಾಯುತ್ತಿತ್ತು ಎಂದು ನನಗೆ ಆಗ ತಿಳಿಯಿತು. ಅದು ಸಮಾಧಾನವನ್ನೂ ತಂದಿತು, ಸಿಟ್ಟನ್ನೂ ತಂದಿತು. ಆ ಹನ್ನೊಂದು ಜನರ ನೆನಪಾಯಿತು. ಅವರ ಹೆಸರುಗಳು ಕಾಗದದಲ್ಲಿ ಇರಬಹುದು, ನನಗೆ ಒಂದೂ ಜ್ಞಾಪಕಕ್ಕೆ ಬರಲಿಲ್ಲ.

ಡ್ರೈವರ್ ಕಾಗದ ಹಿಡಿದುಕೊಂಡು ಹತ್ತಿರ ಬಂದ. ಅವನಿಗೆ ಆಫೀಸಿಗೆ ಹೋಗಿ ಹೇಳಲು ಏನಾದರೂ ಬೇಕಿತ್ತು. ಹಾಗಾದರೆ ಈಕೆ ನಿಮ್ಮ ಕಡೆಯವಳೋ ಎಂದು ಎಲ್ಲರಿಗೂ ಕೇಳುವ ಹಾಗೆ ವಿಚಾರಿಸಿದ. ಒಂದು ಗಳಿಗೆ ನನಗೆ ಅಳುಕಾಯಿತು. ಅವಳ ಜ್ವರ, ಅವಳ ಬೈಗುಳ, ದನದ ಆಸ್ಪತ್ರೆಯ ಹಿಂದಿನ ಸೋರುವ ಚಪ್ಪರ ಎಲ್ಲ ಕಣ್ಣ ಮುಂದೆ ಬಂತು.

"ಹೌದು," ಎಂದೆ. "ನನ್ ಕಡೆಯೋಳು."

ಅವನು ಕಾಗದದ ಮೇಲೆ ಅಡ್ಡ ಗೀಟು ಎಳೆದು ಟ್ರ್ಯಾಕ್ಟರ್ ತಿರುಗಿಸಿಕೊಂಡು ಹೋದ. ಜನ ಚದುರಿದರು. ನಾನು ಓಬಕ್ಕನಿಗೆ ಉಣ್ಣು ಎಂದೆ. ಅವಳು ರೊಟ್ಟಿ ಮುರಿದು ಕೈಯಲ್ಲಿ ಹಿಡಿದವಳು ಬಾಯಿಗೆ ಹಾಕಲಿಲ್ಲ. ನನ್ನ ಮುಖವನ್ನು, ನಾನು ಅವಳನ್ನು ನೋಡಿದ ಹಾಗೇ, ನಿಧಾನವಾಗಿ ನೋಡತೊಡಗಿದಳು. ನೀರು ಬೇಕೇನೋ, ಕೇಳಲಾಗದೆ ಒದ್ದಾಡುತ್ತಿದ್ದಾಳೆ ಎಂದುಕೊಂಡೆ. ನಿನ್ನೆ ಮಧ್ಯಾಹ್ನದಿಂದ ನಾನು ಏನೂ ತಿಂದಿಲ್ಲ ಎಂಬುದು ನನಗೇ ಮರೆತುಹೋಗಿತ್ತು.

ಅವಳು ರೊಟ್ಟಿಯನ್ನು ತಟ್ಟೆಯಲ್ಲಿಟ್ಟು, ಕುತ್ತಿಗೆ ಎತ್ತಿ, ಬಸ್ಸುಗಳ ಕಡೆ ತಿರುಗಿದಳು.

"ನಮ್ ಪಾಲಾಕ್ಷಯ್ಯಂಗೆ ಒಂದ್ ತುತ್ತು ಹಾಕ್ರಪ್ಪೋ."

ಮೂರು ದಿನದಿಂದ ಕೂಗದೆ ಇದ್ದ ಆ ಕಂಠ ಮೊದಲಿನಷ್ಟೇ ಜೋರಾಗಿ ಬಂತು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಖಾಕಿ ತೊಟ್ಟವನು, ಸಂಬಳ ತೆಗೆದುಕೊಳ್ಳುವವನು, ನನಗೇನು ಬಂದಿದೆ ಎಂದು ಅವಳನ್ನು ಗದರಲು ಹೊರಟೆ. ಆದರೆ ಅವಳ ದನಿ ಬಂದಿತ್ತು. ನನ್ನನ್ನು ಖುಷಿಪಡಿಸಲು, ನಾಳೆಯ ಅನ್ನ ಗಟ್ಟಿಮಾಡಿಕೊಳ್ಳಲು ಕೂಗಿದ್ದರೆ ಅದು ಬರುತ್ತಿರಲಿಲ್ಲ. ಅವಳು ನನ್ನನ್ನು ನೋಡಿ, ನನಗೆ ಬೇಕಾದದ್ದನ್ನು ಕಂಡು, ನನಗಾಗಿಯೇ ಕೇಳುತ್ತಿದ್ದಳು. ಒಂಬತ್ತು ವರ್ಷದಲ್ಲಿ ನನ್ನ ಹೆಸರು ಹಿಡಿದು ಯಾರೂ ಏನನ್ನೂ ಕೇಳಿರಲಿಲ್ಲ.

ಬುತ್ತಿಯ ಹೆಂಗಸು ಬಸ್ಸಿನ ಬಾಗಿಲಿನಿಂದ ವಾಪಸು ಬಂದು ಉಳಿದಿದ್ದ ಒಂದು ರೊಟ್ಟಿ ಹಿಡಿದು ನನ್ನೆದುರು ನಿಂತಳು. ತಗೋ ಅಣ್ಣ ಎಂದಳು. ಬೇಡ ಎನ್ನುವುದಕ್ಕೆ ನಮ್ಮೂರಿನಲ್ಲಿ ಯಾರಿಗೂ ಗಂಟಲು ಕಟ್ಟುವುದಿಲ್ಲ. ಅದನ್ನೇ ಹೇಳಲು ಬಾಯಿ ತೆರೆದವನು ಹೇಳಲಿಲ್ಲ. ಮೆಟ್ಟಿಲ ಮೇಲೆ ಓಬಕ್ಕನ ಪಕ್ಕ ಕೂತು ಎರಡೂ ಕೈ ಚಾಚಿದೆ.